ಎಂಟು ಕಾಲಿನ ಚಿಪ್, ನಾಲ್ಕು ಜೇನುಪೆಟ್ಟಿಗೆ

ರಿಪ್ಪನ್‌ಪೇಟೆಯಲ್ಲಿ ತೂಕದ ಯಂತ್ರ ಕೆಟ್ಟರೆ ಜನ ಸುಷ್ಮಾಳ ಅಂಗಡಿಗೆ ಹೋಗುತ್ತಾರೆ. ಬೇರೆ ಅಂಗಡಿ ಇಲ್ಲವೆಂದಲ್ಲ. ಅಲ್ಲಿಗೆ ಹೋದವರೂ ಹದಿನೈದು ದಿನದೊಳಗೆ ಇಲ್ಲಿಗೇ ಬರುತ್ತಾರೆ. ಹೊಸನಗರದ ರಸ್ತೆ ತಿರುಗುವಲ್ಲಿ, ಗೊಬ್ಬರದ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಎಂಟಡಿ ಅಗಲದ ಜಾಗ. ಒಂದು ಮೇಜು, ಎರಡು ಸ್ಟೂಲು, ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಸಿಕೊಂಡ ಯಂತ್ರಗಳು. ಮೀನಿನವರ ಯಂತ್ರದೊಳಗೆ ಉಪ್ಪು ಹೆಪ್ಪುಗಟ್ಟಿರುತ್ತದೆ, ಬೇಕರಿಯದರಲ್ಲಿ ಇರುವೆ. ಅಂಗನವಾಡಿಯಲ್ಲಿ ಶಿಶುಗಳನ್ನು ತೂಗುವ ಯಂತ್ರದೊಳಗೆ ಏನಿರುತ್ತದೆಂದು ಊಹಿಸಬಹುದು. ಮುಚ್ಚಳ ತೆಗೆದ ಕೂಡಲೇ ಇದು ಯಾರದೆಂದು ಸುಷ್ಮಾ ಹೇಳುತ್ತಾಳೆ. ಸಾಮಾನ್ಯವಾಗಿ ತಪ್ಪುವುದಿಲ್ಲ.

ಅವಳ ಬಗ್ಗೆ ಬರೆಯಲು ಇಷ್ಟು ಸಾಲದು. ಕಷ್ಟಪಟ್ಟು ಅಂಗಡಿ ಇಟ್ಟ ಹೆಂಗಸರು ನಮ್ಮಲ್ಲಿ ಪ್ರತಿ ಬೀದಿಗೂ ಒಬ್ಬರಿದ್ದಾರೆ, ಅದನ್ನು ಹೊಗಳಿ ಯಾರಿಗೂ ಪ್ರಯೋಜನವಿಲ್ಲ. ಆದರೆ ಕಳೆದ ಫೆಬ್ರವರಿಯಲ್ಲಿ, ಹದಿನಾಲ್ಕು ದಿನಗಳಲ್ಲಿ, ಅವಳು ಒಂದು ಕೆಲಸ ಮಾಡಿದಳು. ಅದನ್ನು ಮಾಡಿದ ರೀತಿ ಬರೆದಿಡಲು ಯೋಗ್ಯವಾಗಿದೆ.

ಸುಷ್ಮಾ ಹುಟ್ಟಿದ್ದು ಕೆಳದಿಯ ಪಕ್ಕದ ಒಂದು ಹಳ್ಳಿಯಲ್ಲಿ. ತಂದೆ ಜಟ್ಟಪ್ಪನವರಿಗೆ ಎರಡು ಎಕರೆ ಗದ್ದೆ. ಗದ್ದೆಯ ಕೆಲಸವಿಲ್ಲದ ತಿಂಗಳುಗಳಲ್ಲಿ ಸಾಗರದ ಮಂಡಿಯಲ್ಲಿ ಮೂಟೆ ತೂಗುತ್ತಿದ್ದರು. ರಜೆಯಲ್ಲಿ ಮಗಳನ್ನೂ ಕರೆದೊಯ್ಯುತ್ತಿದ್ದರು. ಮೂಟೆ ಏರಿಸಿದ ತಕ್ಷಣ ಹುಡುಗಿ ಅಂಕಿ ಕೂಗಿದರೆ ಬೈಯುತ್ತಿದ್ದರು: "ಮುಳ್ಳು ನಿಲ್ಲೋವರೆಗೂ ಬಾಯಿ ಬಿಡಬ್ಯಾಡ." ಸುಷ್ಮಾ ಬಸ್ಸಿನಲ್ಲಿ ಓಡಾಡಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು. ಶಿವಮೊಗ್ಗದ ಒಂದು ಕಾರ್ಖಾನೆಯಲ್ಲಿ ಎರಡು ವರ್ಷ ಬೆಸುಗೆ ಹಾಕಿದಳು. ಮದುವೆಯಾಗಿ ರಿಪ್ಪನ್‌ಪೇಟೆಗೆ ಬಂದಳು. ಗಂಡ ದಿನೇಶ್ ಗೂಡ್ಸ್ ಆಟೋ ಓಡಿಸುತ್ತಾನೆ.

ಅಂಗಡಿ ತೆರೆದಾಗ ಅತ್ತೆ ಕೆರಿಯಮ್ಮ ಒಂದು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದರು. "ಸೊಸೆ ಪೇಟೇಲಿ ಕೂತ್ಕಂಡು ಮಿಷಿನ್ ಹೊಟ್ಟೆ ಬಗೀತಾಳೆ ಅಂದ್ರೆ ನಾ ಯಾರಿಗೆ ಮುಖ ತೋರ್ಸ್ಲಿ?" ಎರಡನೆಯ ವರ್ಷದಿಂದ ಅದೇ ಕೆರಿಯಮ್ಮ ಮಧ್ಯಾಹ್ನದ ಬುತ್ತಿ ತಂದು, ಸ್ಟೂಲಿನ ಮೇಲೆ ಕೂತು, ಬಂದ ಗಿರಾಕಿಗಳ ನೆಂಟಸ್ತಿಕೆ ವಿಚಾರಿಸತೊಡಗಿದರು.

ಹೀಗೆ ಹತ್ತು ವರ್ಷ ಕಳೆಯಿತು. ಊರಿನಲ್ಲಿ ಅವಳಿಗೆ ರಿಪೇರಿ ಸುಷ್ಮಾ ಎಂದು ಹೆಸರಾಯಿತು. ಹೆಸರು ಅವಳಿಗೆ ಹಿಡಿಸಿರಲಿಲ್ಲ.

ಫೆಬ್ರವರಿಯ ಆ ದಿನ ಅಂಗಡಿಗೆ ಬಂದವರು ಅರಳಸುರಳಿಯ ಗಿರಿಧರ. ಮೂರು ತಾಲೂಕಿನ ಜೇನು ಸಾಕುವವರು ಸೇರಿ ಮಾಡಿಕೊಂಡ ಸಂಘಕ್ಕೆ ಅವರು ಕಾರ್ಯದರ್ಶಿ. ಜೇನುತುಪ್ಪ ತೂಗುವ ಪುಟ್ಟ ಯಂತ್ರ ರಿಪೇರಿಗೆ ಕೊಟ್ಟು, ಕೂತು, ತಮ್ಮ ತಾಪತ್ರಯ ಹೇಳಿಕೊಂಡರು.

"ತುಡುವೆ ಜೇನು ಅಂದ್ರೆ ಬಹಳ ಮಾನದ ಜಾತಿ ಮಾರಾಯ್ತಿ. ತುಪ್ಪ ಬಂತಾ ನೋಡುವ ಅಂತ ಎರಡು ಸಲ ಮುಚ್ಚಳ ತೆಗೆದ್ರೆ, ಮೂರನೇ ಸಲಕ್ಕೆ ಪೆಟ್ಟಿಗೆ ಖಾಲಿ. ಹೋದ ವರ್ಷ ನಂದೇ ಏಳು ಕುಟುಂಬ ಎದ್ದು ಹೋಯ್ತು."

"ತೆಗೀಬೇಡಿ. ತೂಕ ನೋಡಿ. ತುಪ್ಪ ಬಂದ್ರೆ ಪೆಟ್ಟಿಗೆ ಭಾರ ಆಗ್ತದಲ್ಲ."

"ಅದನ್ನೇ ಮಾಡುವ ಅಂತ ಹೊರಗಿನ ಒಂದು ಕಂಪನಿಯವ್ರು ಬಂದಿದ್ರು. ಪೆಟ್ಟಿಗೆಗೆ ಒಂದೊಂದು ಯಂತ್ರ. ನಮ್ಮ ಸ್ಟ್ಯಾಂಡಿನ ಮೇಲೆ ನಾಲ್ಕು ನಾಲ್ಕು ಪೆಟ್ಟಿಗೆ ಇರ್ತಾವೆ. ನಾಲ್ಕು ಯಂತ್ರ, ನಾಲ್ಕು ಬ್ಯಾಟರಿ. ತಿಂಗಳಿಗೊಮ್ಮೆ ಚಾರ್ಜು ಮಾಡ್ಲಿಕ್ಕೆ ಗುಡ್ಡ ಹತ್ತುವವ ಯಾರು?"

"ನಾಲ್ಕಕ್ಕೂ ಸೇರಿ ಒಂದು ಮಾಡಿದ್ರೆ?" ಎಂದಳು ಸುಷ್ಮಾ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ನಾನು ಮಾಡಿಕೊಡ್ತೀನಿ ಗಿರಿಧರಣ್ಣ. ಟಾರ್ಚಿನ ಮೂರು ಸೆಲ್ಲು ಹಾಕಿದ್ರೆ ಹಂಗಾಮು ಪೂರ್ತಿ ನಡೀಬೇಕು. ತೂಕ ಮೊಬೈಲಲ್ಲಿ ಕಾಣಬೇಕು. ಅಷ್ಟೇ ಅಲ್ವಾ?"

ಗಿರಿಧರ ಅಲ್ಲಿಂದಲೇ ಸಂಘದ ಕುಮಾರನಿಗೆ ಫೋನು ಮಾಡಿದರು. ತೀರ್ಥಹಳ್ಳಿ ಕಡೆಯ ಈತನಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟಿಗೆಗಳಿವೆ. ಕಂಪನಿಯನ್ನು ಕರೆತಂದವನೂ ಅವನೇ. ಸ್ಪೀಕರಿನಲ್ಲಿ ಅವನ ಮಾತು ಅಂಗಡಿಯಿಡೀ ಕೇಳಿತು.

"ರಿಪೇರಿ ಮಾಡೋದು ಬೇರೆ, ಹೊಸದು ಮಾಡೋದು ಬೇರೆ ಗಿರಿಧರಣ್ಣ. ಸೂಲಗಿತ್ತಿ ಹೆರಿಗೆ ಮಾಡಿಸ್ತಾಳೆ ಅಂತ ಮಗು ಅವಳ್ದಾಗ್ತದಾ?"

ಸುಷ್ಮಾ ಫೋನಿನ ಕಡೆ ಬಾಗಿದಳು. "ಸೂಲಗಿತ್ತಿಗೂ ಮಕ್ಕಳಿರ್ತಾವೆ ಕುಮಾರಣ್ಣ."

ಆಮೇಲೆ ಕುಮಾರನೇ ಗಡುವು ಹಾಕಿದ. ಹದಿನಾಲ್ಕು ದಿನ ಬಿಟ್ಟು, ಭಾನುವಾರ, ಗಿರಿಧರರ ಮನೆಯಲ್ಲಿ ಸಂಘದ ಸಭೆ. ಅಷ್ಟರೊಳಗೆ ನಿಜವಾದ ಪೆಟ್ಟಿಗೆಗಳ ಮೇಲೆ ಮಾಡಿ ತೋರಿಸಬೇಕು. ಆಗದಿದ್ದರೆ ಕೆಲಸ ಕಂಪನಿಗೆ. ಸಂಘದ ಹನ್ನೆರಡು ಸ್ಟ್ಯಾಂಡುಗಳು ಅಲ್ಲಿಗೆ ಹೋದರೆ ಮತ್ತೆ ಯಾರೂ ಅವಳ ಹತ್ತಿರ ಹೊಸದನ್ನು ಕೇಳುವುದಿಲ್ಲ; ಕೆಟ್ಟದ್ದನ್ನು ಮಾತ್ರ ತರುತ್ತಾರೆ. ಅವಳಿಗೆ ಇದು ಚೆನ್ನಾಗಿ ಗೊತ್ತಿತ್ತು.

ಮಾತು ಕೊಟ್ಟ ಮೇಲೆ ಅವಳು ಚಿಪ್‌ನ ಕಾಲುಗಳನ್ನು ಎಣಿಸಿದಳು. ಮೊದಲು ಎಣಿಸಬೇಕಿತ್ತು.

ಅವಳ ಬಳಿ ಇದ್ದದ್ದು ಎಂಟು ಕಾಲಿನ ಚಿಪ್. ಕಡಲೆಬೀಜದಷ್ಟು ದೊಡ್ಡದು. ಹೇಳಿದ್ದನ್ನು ಮಾಡಿ ಮಲಗುತ್ತದೆ, ಮಲಗಿದಾಗ ಸೆಲ್ಲಿನಿಂದ ಏನನ್ನೂ ಹೀರುವುದಿಲ್ಲ ಎನ್ನಬೇಕು. ಎಂಟರಲ್ಲಿ ಎರಡು ಕಾಲು ಕರೆಂಟಿಗೆ. ಒಂದು ಕಾಲು ಚಿಪ್‌ಗೆ ಪ್ರೋಗ್ರಾಂ ಹಾಕುವಾಗ ಬೇಕು. ಅದನ್ನು ಬೇರೆ ಕೆಲಸಕ್ಕೆ ಹಚ್ಚಿದರೆ ಮುಂದೆ ಚಿಪ್ ಅವಳ ಮಾತು ಕೇಳುವುದಿಲ್ಲ. ಉಳಿದದ್ದು ಐದು.

ಇನ್ನು ಪೆಟ್ಟಿಗೆಗಳ ಕಡೆ. ಪ್ರತಿ ಪೆಟ್ಟಿಗೆಯ ಅಡಿಯಲ್ಲಿ ಒಂದು ಲೋಡ್ ಸೆಲ್, ಅಂದರೆ ಭಾರ ಬಿದ್ದರೆ ಕೂದಲೆಳೆಯಷ್ಟು ಬಾಗುವ ಅಲ್ಯೂಮಿನಿಯಂ ಪಟ್ಟಿ. ಅದಕ್ಕೆ ಅಂಟಿಕೊಂಡು ಒಂದು ಸಣ್ಣ ಹಸಿರು ಬೋರ್ಡು. ಬಾಗಿದ್ದನ್ನು ಅಂಕಿಯಾಗಿ ಮಾಡುವುದು ಬೋರ್ಡಿನ ಕೆಲಸ, ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಂಕಿ ತಯಾರಾದಾಗ ಬೋರ್ಡು ತನ್ನ ತಂತಿಯ ವೋಲ್ಟೇಜನ್ನು ಕೆಳಗಿಳಿಸುತ್ತದೆ. ತಯಾರಿದೆ, ಬಂದು ಒಯ್ಯಿ ಎಂಬುದಕ್ಕೆ ಅದು ಕೊಡುವ ಸನ್ನೆ ಅಷ್ಟೇ. ಆಮೇಲೆ ಚಿಪ್ ಇನ್ನೊಂದು ತಂತಿಯಲ್ಲಿ ತಾಳ ಹಾಕುತ್ತದೆ. ತಾಳಕ್ಕೊಂದರಂತೆ ಅಂಕಿಯ ಇಪ್ಪತ್ತನಾಲ್ಕು ಚೂರುಗಳು ಸನ್ನೆ ಕೊಟ್ಟ ತಂತಿಯಲ್ಲೇ ಹೊರಬರುತ್ತವೆ; ವೋಲ್ಟೇಜು ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ.

ತಾಳದ ತಂತಿ ನಾಲ್ಕು ಬೋರ್ಡಿಗೂ ಒಂದೇ ಸಾಕು. ಅದಕ್ಕೆ ಒಂದು ಕಾಲು. ಮೊಬೈಲಿಗೆ ಅಂಕಿ ಕಳಿಸುವ ಬ್ಲೂಟೂತ್ ಬೋರ್ಡಿಗೆ ಇನ್ನೊಂದು. ಉಳಿದದ್ದು ಮೂರು ಕಾಲು. ಸನ್ನೆಯ ತಂತಿಗಳು ನಾಲ್ಕು.

"ಒಂದು ಕಾಲು ಕಮ್ಮಿ," ಎಂದಳು ಗಂಡನಿಗೆ.

"ದೊಡ್ಡ ಚಿಪ್ ತರಿಸ್ಬಾರ್ದಾ? ಇಪ್ಪತ್ತೆಂಟು ಕಾಲಿಂದು ಇರ್ತದೆ ಅಂತಿದ್ಯಲ್ಲ."

"ತರಿಸ್ಬಹುದು. ಬರ್ಲಿಕ್ಕೆ ಒಂದು ವಾರ. ಅಂಗಡಿಯಲ್ಲಿರೋ ದೊಡ್ಡ ಬೋರ್ಡು ಒಂಬತ್ತು ದಿನಕ್ಕೆ ಸೆಲ್ ಖಾಲಿ ಮಾಡ್ತದೆ."

"ಒಂದು ವಾರ ಇದ್ಯಲ್ಲ ಮತ್ತೆ."

"ಇದ್ರಲ್ಲೇ ಆಗ್ತದೆ ಅನ್ಸ್ತದೆ ನಂಗೆ."

ಇದು ಹಟ. ಹಟವನ್ನು ಗುಣವೆಂದು ಕರೆಯುವ ಅಭ್ಯಾಸ ಒಳ್ಳೆಯದಲ್ಲ. ಆದರೆ ಕೆಲವೊಮ್ಮೆ ಕೈಗೆ ಗೊತ್ತಾದದ್ದು ತಲೆಗೆ ತಡವಾಗಿ ಗೊತ್ತಾಗುತ್ತದೆ.

ಮೊದಲ ಐದು ದಿನ ಅವಳು ಮಾಡಿದ್ದು ಇಷ್ಟು: ಮೊದಲ ಎರಡು ಬೋರ್ಡಿಗೆ ಒಂದೊಂದು ಕಾಲು ಕೊಟ್ಟಳು. ಮೂರನೆಯದನ್ನೂ ನಾಲ್ಕನೆಯದನ್ನೂ ಸೇರಿಸಿ ಇನ್ನೊಂದು ಕಾಲಿಗೆ ಕಟ್ಟಿದಳು. ಯಾವುದಾದರೂ ಒಂದು ತಂತಿಯಲ್ಲಿ ಸನ್ನೆ ಕಂಡ ಕೂಡಲೇ ತಾಳ ಶುರು ಮಾಡು ಎಂದು ಚಿಪ್‌ಗೆ ಬರೆದಳು. ಜೇನುಪೆಟ್ಟಿಗೆಗಳ ಬದಲು ಮೇಜಿನ ಮೇಲೆ ನಾಲ್ಕು ಇಟ್ಟಿಗೆ ಇಟ್ಟಳು. ಮೊಬೈಲಿನಲ್ಲಿ ಅಂಕಿಗಳು ಬಂದವು. ಮೊದಲ ಇಟ್ಟಿಗೆ ಎರಡು ಕಿಲೋ ಒಂಬೈನೂರು ಗ್ರಾಂ, ಸರಿ. ಎರಡನೆಯದು ಒಮ್ಮೆ ಸರಿ, ಒಮ್ಮೆ ತಪ್ಪು. ಮೂರನೆಯದು ನಾನೂರ ಹನ್ನೆರಡು ಕಿಲೋ. ನಾಲ್ಕನೆಯದು ಸೊನ್ನೆಗಿಂತ ಕಡಿಮೆ.

ದಿನೇಶ್ ಬಗ್ಗಿ ನೋಡಿದ. "ಮೂರನೇದ್ರಲ್ಲಿ ಎಮ್ಮೆ ಕೂತಿದೆ."

"ನಾಲ್ಕನೇದು?"

"ಅದನ್ನ ಎಮ್ಮೆ ತಿಂದಿದೆ."

ಸುಷ್ಮಾಳಿಗೆ ನಗು ಬರಲಿಲ್ಲ. ಎರಡನೆಯ ಇಟ್ಟಿಗೆ ಒಂದು ಸಲ ಸರಿ, ಒಂದು ಸಲ ತಪ್ಪು ಏಕೆ ಬರುತ್ತದೆ? ಅದಕ್ಕೆ ಸ್ವಂತ ಕಾಲಿದೆಯಲ್ಲ. ಅದೊಂದನ್ನೇ ಹಿಡಿದು ಒಂದು ಇಡೀ ಬೆಳಗ್ಗೆ ಕೂತಳು. ಉತ್ತರ ಸಿಕ್ಕಾಗ ನಾಚಿಕೆಯಾಯಿತು. ನಾಲ್ಕು ಬೋರ್ಡುಗಳಿಗೂ ಅವುಗಳದೇ ನಡಿಗೆ. ಒಂದು ಈಗ ತಯಾರಾದರೆ ಇನ್ನೊಂದು ಒಂದು ರೆಪ್ಪೆ ಬಡಿಯುವಷ್ಟು ತಡ. ಅವಳು ಮೊದಲು ತಯಾರಾದದ್ದನ್ನು ನೋಡಿ ನಾಲ್ಕಕ್ಕೂ ತಾಳ ಹಾಕಿದ್ದಳು. ಪಂಕ್ತಿಯ ಕೊನೆಯ ಎಲೆಗೆ ಅನ್ನ ಬೀಳುವ ಮೊದಲೇ ಸಾರಿನ ಕೊಳಗದೊಂದಿಗೆ ಓಡಿ ಬಂದವನ ಹಾಗೆ, ಖಾಲಿ ಎಲೆಯ ಮೇಲೆ ಸಾರು ಸುರಿದಿದ್ದಳು. ಮುಳ್ಳು ನಿಲ್ಲುವ ಮೊದಲು ಬಾಯಿ ಬಿಡಬೇಡ ಎಂದು ಎಂಟು ವರ್ಷದವಳಿದ್ದಾಗ ಕಲಿತದ್ದನ್ನು ಮೂವತ್ತನಾಲ್ಕರಲ್ಲಿ ಮರೆತಿದ್ದಳು.

ಹಾಗಾದರೆ ನಾಲ್ಕೂ ತಯಾರಾಗುವವರೆಗೆ ಕಾಯಬೇಕು. ಕಾಯಬೇಕಾದರೆ ನಾಲ್ಕನ್ನೂ ನೋಡಬೇಕು. ನೋಡಲು ಮತ್ತೆ ಅದೇ ಒಂದು ಕಾಲು ಕಡಿಮೆ. ಎಂಟನೆಯ ದಿನ ಮುಗಿಯಿತು.

ಒಂಬತ್ತನೆಯ ದಿನ ಬೆಳಗ್ಗೆ ಕೆರಿಯಮ್ಮ ಹಿಟ್ಟು ಮಾಡಿಸಲು ಅಕ್ಕಿ ಅಳೆಯುತ್ತಿದ್ದರು. ಅವರದು ನಾಲ್ಕು ಹಿತ್ತಾಳೆಯ ಅಳತೆಗಳು: ಸೇರು, ಅಚ್ಚೇರು, ಪಾವು, ಅರೆಪಾವು. ಒಂದರ ಅರ್ಧ ಇನ್ನೊಂದು; ಸೇರಿಗೆ ಸುಮಾರು ಒಂದು ಕಿಲೋ ಅಕ್ಕಿ. ಸುಷ್ಮಾ ಒಂದು ಯಂತ್ರ ಸರಿಮಾಡಿ ಮನೆಗೆ ತಂದಿದ್ದಳು, ಪರೀಕ್ಷೆಗೆ ಅಕ್ಕಿಯ ಪಾತ್ರೆಯನ್ನು ಅದರ ಮೇಲೆ ಇರಿಸಿದ್ದಳು. ಚಹಾ ಕುಡಿಯುತ್ತಾ ಅಂಕಿಯನ್ನು ನೋಡಿದಳು.

"ಅತ್ತೆ, ಒಂದು ಸೇರು, ಒಂದು ಪಾವು ಹಾಕಿದ್ರಿ."

"ನೋಡ್ದೆ ನೀನು."

"ಇಲ್ಲ. ಒಂದೂಕಾಲು ಕಿಲೋ ತೋರಿಸ್ತಿದೆ. ಬೇರೆ ಹ್ಯಾಗೆ ಬರ್ತದೆ?"

ಕೆರಿಯಮ್ಮನಿಗೆ ಯಂತ್ರಗಳ ಮೇಲೆ ನಂಬಿಕೆ ಕಡಿಮೆ. "ಹಂಗಾರೆ ಆಚೆ ತಿರುಗು. ನಾ ಹಾಕ್ತೀನಿ. ಒಂದೊಂದ್ರಲ್ಲಿ ಒಂದೇ ಸಲ. ಆಮೇಲೆ ಅಂಕಿ ಮಾತ್ರ ನೋಡಿ ಹೇಳು."

ಸುಷ್ಮಾ ಗೋಡೆಗೆ ಮುಖ ಮಾಡಿದಳು. ಅಕ್ಕಿ ಸುರಿದ ಸದ್ದು. ತಿರುಗಿದಳು. ಆರುನೂರಿಪ್ಪತ್ತೈದರ ಹತ್ತಿರ.

"ಅಚ್ಚೇರು, ಅರೆಪಾವು."

ಕೆರಿಯಮ್ಮ ಪಾತ್ರೆ ಖಾಲಿ ಮಾಡಿದರು. ಇನ್ನೊಮ್ಮೆ.

"ಸೇರು ಬಿಟ್ಟು ಬಾಕಿ ಮೂರೂ."

"ಕಳ್ಳಾಟ."

"ಕಳ್ಳಾಟ ಎಂತದು ಅತ್ತೆ, ನೀವೇ ಹಾಕಿದ್ದು. ಇನ್ನೊಂದು ಹಾಕಿ."

ಕೆರಿಯಮ್ಮ ಈಗ ಪೂರ್ತಿ ಹುರುಪಿನಲ್ಲಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅಳತೆಗಳ ಸದ್ದು ತಿಳಿಯಬಾರದೆಂದು ಕೆಮ್ಮಿದರು, ಖಾಲಿ ಪಾವನ್ನು ಸುಮ್ಮನೆ ಬಡಿದರು. ಸುಷ್ಮಾ ತಿರುಗಿ ಅಂಕಿ ನೋಡಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ಉಳಿಯಿತು.

"ಎಂತಾತೇ? ಸೋತ್ಯಾ?"

"ಇಲ್ಲ ಅತ್ತೆ. ಮಿಷಿನ್ ಒಂದು, ಅಂಕಿ ಒಂದು. ಆದ್ರೂ ಒಳಗೆ ಯಾವ್ಯಾವ ಅಳತೆ ಬಿದ್ದಿದೆ, ಯಾವ್ದು ಬಿದ್ದಿಲ್ಲ, ಅಷ್ಟೂ ಗೊತ್ತಾಗ್ತದೆ."

"ಅದನ್ನೇ ಇಷ್ಟೊತ್ತೂ ಹೇಳ್ದ್ಯಲ್ಲ."

"ಹೇಳಿದ್ದೆ. ನಂಗೇ ಕೇಳಿಸಿರ್ಲಿಲ್ಲ."

ಚಹಾ ಲೋಟ ಅಲ್ಲೇ ಉಳಿಯಿತು. ಮನೆಯಿಂದ ಅಂಗಡಿಗೆ ಹತ್ತು ನಿಮಿಷದ ದಾರಿ, ಆ ದಿನ ಅವಳು ಎಷ್ಟರಲ್ಲಿ ಮುಟ್ಟಿದಳೋ. ಗೊಬ್ಬರದ ಅಂಗಡಿಯ ಹೂವಪ್ಪ ಬಾಗಿಲಿನಲ್ಲಿ ನಿಂತಿದ್ದವನು, "ಸುಷ್ಮಕ್ಕ, ಎಲ್ಲಿ ಬೆಂಕಿ ಬಿತ್ತು?" ಎಂದ. ಅವಳು ಆಗಲೇ ಶಟರ್ ಎತ್ತುತ್ತಿದ್ದಳು.

ಆ ಚಿಪ್‌ನ ಒಂದು ಕಾಲಿಗೆ ವೋಲ್ಟೇಜನ್ನು ಅಳೆಯುವ ಶಕ್ತಿಯಿದೆ. ಇದೆ, ಇಲ್ಲ ಎಂದು ಹೇಳುವುದಷ್ಟೇ ಅಲ್ಲ, ಎಷ್ಟಿದೆ ಎಂದೂ ಹೇಳುತ್ತದೆ. ನಾಲ್ಕು ಸನ್ನೆಯ ತಂತಿಗಳನ್ನೂ ಆ ಒಂದೇ ಕಾಲಿಗೆ ತಂದರೆ? ನೇರವಾಗಿ ತಂದರೆ ಜಗಳವಾಡುತ್ತವೆ. ನಡುವೆ ಒಂದೊಂದು ರೆಸಿಸ್ಟರ್ ಇಟ್ಟು, ಮೊದಲನೆಯ ತಂತಿಗೆ ಎಂಟು ಪಾಲು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಒಂದು ಪಾಲು ವೋಲ್ಟೇಜು ಸೇರುವಂತೆ ಮಾಡಿದರೆ? ಸೇರು, ಅಚ್ಚೇರು, ಪಾವು, ಅರೆಪಾವು. ಒಟ್ಟು ಎಷ್ಟೆಂದು ಅಳೆದರೆ ಯಾವ ತಂತಿ ಮೇಲಿದೆ, ಯಾವುದು ಇಳಿದಿದೆ ಎಂದು ಗೊತ್ತಾಗುತ್ತದೆ. ಹದಿನಾರು ಬಗೆ, ಒಂದು ಇನ್ನೊಂದರಂತೆ ಕಾಣುವುದು ಸಾಧ್ಯವೇ ಇಲ್ಲ. ಒಟ್ಟು ಸೊನ್ನೆಯಾದರೆ ನಾಲ್ಕೂ ತಯಾರು. ಆಗ ತಾಳ ಹಾಕು. ತಾಳಕ್ಕೊಮ್ಮೆ ಮತ್ತೆ ಅಳೆದರೆ ನಾಲ್ಕೂ ಅಂಕಿಗಳ ಚೂರುಗಳು ಒಂದೇ ಕಾಲಿನಲ್ಲಿ, ಒಟ್ಟೊಟ್ಟಿಗೆ ಬರುತ್ತವೆ.

ಅವಳ ಡಬ್ಬಿಯಲ್ಲಿ ಬೇಕಾದ ನಾಲ್ಕು ಬಗೆಯ ರೆಸಿಸ್ಟರ್ ಇರಲಿಲ್ಲ. ಒಂದೇ ಬಗೆಯವು, ಇಪ್ಪತ್ತು ಸಾವಿರ ಓಮಿನವು, ಹಿಡಿಗಟ್ಟಲೆ ಇದ್ದವು. ಎರಡನ್ನು ಅಕ್ಕಪಕ್ಕ ಕಟ್ಟಿದರೆ ಹತ್ತು ಸಾವಿರ. ಒಂದೇ ಇಟ್ಟರೆ ಇಪ್ಪತ್ತು. ಎರಡನ್ನು ಸಾಲಾಗಿ ಕಟ್ಟಿದರೆ ನಲವತ್ತು, ನಾಲ್ಕನ್ನು ಕಟ್ಟಿದರೆ ಎಂಬತ್ತು. ಒಟ್ಟು ಒಂಬತ್ತು ಖರ್ಚಾದವು. ಮಧ್ಯಾಹ್ನದ ಬುತ್ತಿ ತಂದ ಕೆರಿಯಮ್ಮ ಬೆಸುಗೆಯ ಹೊಗೆಯ ನಡುವೆ ಸೊಸೆ ತನ್ನಷ್ಟಕ್ಕೆ "ಪಾವು ಆಯ್ತು, ಅರೆಪಾವು ಉಳೀತು" ಎನ್ನುವುದನ್ನು ಕೇಳಿ, ಗಿರಾಕಿಯೊಬ್ಬನಿಗೆ "ಇವತ್ತು ಮಾತಾಡಿಸ್ಬ್ಯಾಡ, ಅಡುಗೆ ಮಾಡ್ತಿದಾಳೆ" ಎಂದರು.

ಸಂಜೆ ನಾಲ್ಕು ಗಂಟೆಗೆ ಇಟ್ಟಿಗೆಗಳ ತೂಕ ಬಂತು. ಎರಡು ಕಿಲೋ ಒಂಬೈನೂರು, ಎರಡು ಎಂಟುನೂರ ಎಂಬತ್ತು, ಮೂರು ಕಿಲೋ ಹತ್ತು ಗ್ರಾಂ, ಎರಡು ಒಂಬೈನೂರ ನಲವತ್ತು. ಎಮ್ಮೆ ಹೊರಟುಹೋಗಿತ್ತು. ಅವಳು ಇಟ್ಟಿಗೆಗಳನ್ನು ಅದಲು ಬದಲು ಮಾಡಿದಳು, ಅಂಕಿಗಳೂ ಹಿಂಬಾಲಿಸಿದವು. ಒಂದರ ಮೇಲೆ ಮೊಬೈಲು ಚಾರ್ಜರ್ ಇಟ್ಟಳು, ಅದರ ಐವತ್ತು ಗ್ರಾಂ ಸೇರಿತು. ಆಮೇಲೆ ಕಾಲುಗಳನ್ನು ಮತ್ತೆ ಎಣಿಸಿದಳು. ಐದರಲ್ಲಿ ಮೂರು ಮಾತ್ರ ಖರ್ಚಾಗಿದ್ದವು. ಒಂದು ಕಡಿಮೆ ಎಂದು ಎಂಟು ದಿನ ಒದ್ದಾಡಿದ ಕಡೆ ಈಗ ಎರಡು ಕಾಲು ಸುಮ್ಮನೆ ಕೂತಿದ್ದವು. ಅವಳು ದಿನೇಶನಿಗೆ ಫೋನು ಮಾಡಿ ಇದನ್ನು ಹೇಳಿದಳು. ಅವನು ಹೊಸನಗರದ ಹತ್ತಿರ ಆಟೋ ನಿಲ್ಲಿಸಿ, ಇನ್ನೊಮ್ಮೆ ಹೇಳು ಎಂದ. ಅವಳು ಇನ್ನೊಮ್ಮೆ ಹೇಳಿದಳು.

ಶನಿವಾರ ಸಂಜೆ ದಿನೇಶನ ಆಟೋದಲ್ಲಿ ಅರಳಸುರಳಿಗೆ ಹೋಗಿ, ಗಿರಿಧರರ ಹಿತ್ತಲಿನ ನಾಲ್ಕು ಪೆಟ್ಟಿಗೆಗಳ ಅಡಿಗೆ ಲೋಡ್ ಸೆಲ್‌ಗಳನ್ನು ಕೂರಿಸಿದಳು. ನಾಲ್ಕೂ ಅಂಕಿ ಸರಿಯಾಗಿ ಬಂದವು. ಗಿರಿಧರರ ಹೆಂಡತಿ ವೇದಾವತಿ ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯಿಂದ ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲನೆ ಒತ್ತಿ, ಅಂಕಿ ಏರುವುದನ್ನು ಮೂರು ಸಲ ನೋಡಿದರು. ಸುಷ್ಮಾ, ದಿನೇಶ್ ನಿಶ್ಚಿಂತೆಯಿಂದ ರಿಪ್ಪನ್‌ಪೇಟೆಗೆ ಮರಳಿದರು.

ಭಾನುವಾರ ಹತ್ತು ಗಂಟೆಗೆ ಸಂಘದ ಹದಿನೆಂಟು ಜನ ಬಂದಿದ್ದರು. ಕುಮಾರ ಕಂಪನಿಯ ಯಂತ್ರವನ್ನೂ ತಂದಿದ್ದ. ಅದು ಜಗುಲಿಯ ಮೇಲೆ ಹಸಿರು ದೀಪ ಮಿನುಗಿಸುತ್ತಾ ಕೂತಿತ್ತು. ಸುಷ್ಮಾ ಮೊಬೈಲು ತೆರೆದಳು. ಏನೂ ಇಲ್ಲ. ಒಂದು ನಿಮಿಷ ಕಾದಳು. ಏನೂ ಬರಲಿಲ್ಲ.

"ಜೇನು ಇನ್ನೂ ಎದ್ದಿಲ್ವೇನೋ," ಎಂದ ಕುಮಾರ. ಹತ್ತು ಜನ ನಕ್ಕರು.

ಸುಷ್ಮಾಳ ತಲೆ ಕೆಲಸ ಮಾಡುತ್ತಿತ್ತು. ಅಂಕಿ ತಪ್ಪು ಬಂದಿಲ್ಲ, ಬಂದೇ ಇಲ್ಲ. ಅಂದರೆ ಚಿಪ್ ಕಾಯುತ್ತಿದೆ. ನಾಲ್ಕರಲ್ಲಿ ಯಾವುದೋ ಒಂದು ಸನ್ನೆ ಕೊಟ್ಟಿಲ್ಲ. ಯಾವುದು? ಅವಳು ಚೀಲದಿಂದ ಮೀಟರು ತೆಗೆದು, ಚಿಪ್‌ನ ಆ ಒಂದು ಕಾಲಿಗೆ ಅದರ ಮೊನೆ ತಾಗಿಸಿದಳು. ಹೊಸ ಸೆಲ್ಲುಗಳು, ಒಟ್ಟು ನಾಲ್ಕೂವರೆ ವೋಲ್ಟು. ಹದಿನೈದು ಪಾಲು ಮಾಡಿದರೆ ಪಾಲಿಗೆ ಸೊನ್ನೆ ಪಾಯಿಂಟ್ ಮೂರು. ಮೀಟರು ಸೊನ್ನೆ ಪಾಯಿಂಟ್ ಆರು ತೋರಿಸಿತು. ಎರಡು ಪಾಲು.

"ಪಾವು," ಎಂದಳು ಸುಷ್ಮಾ. "ಮೂರನೇ ಪೆಟ್ಟಿಗೆ."

"ಎಂತ ಪಾವು?" ಎಂದರು ಗಿರಿಧರ.

ಅವಳು ಆಗಲೇ ಮೂರನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಳು. ಅದರ ಹಸಿರು ಬೋರ್ಡಿನ ಮೇಲೆ ಅಡಿಕೆ ಹಾಳೆಯ ಪುಟ್ಟ ಟೊಪ್ಪಿಯೊಂದಿತ್ತು. ಬಾಳೆಯ ನಾರಿನಿಂದ ಬಿಗಿಯಾಗಿ ಬಿಗಿದಿತ್ತು. ನಾಲ್ಕೂ ಬೋರ್ಡುಗಳಿಗೆ ಅಂಥದೇ ಟೊಪ್ಪಿ. ಶನಿವಾರ ಸಂಜೆ ಇರಲಿಲ್ಲ. ನಾರನ್ನು ನೆನೆಸಿ ಕಟ್ಟುತ್ತಾರೆ, ಒಣಗುತ್ತಾ ಅದು ಇನ್ನೂ ಬಿಗಿಯುತ್ತದೆ. ಈ ಕಡೆ ಏಣಿಯಿಂದ ಹಿಡಿದು ಹೂವಿನ ದಂಡೆಯವರೆಗೆ ಎಲ್ಲವೂ ನಿಲ್ಲುವುದು ಅದರ ಮೇಲೆಯೇ. ಬೆಳಗಾಗುವುದರೊಳಗೆ ಮೂರನೆಯ ಟೊಪ್ಪಿಯ ನಾರು ಬೋರ್ಡಿಗೆ ಕರೆಂಟಿನ ದಾರಿಯಾದ ಕಪ್ಪು ತಂತಿಯನ್ನು ಅದರ ಸ್ಕ್ರೂವಿನಿಂದ ಎಳೆದು ಹೊರಹಾಕಿತ್ತು. ಅದಿಲ್ಲದೆ ಬೋರ್ಡು ಸನ್ನೆಯ ವೋಲ್ಟೇಜನ್ನು ಇಳಿಸಲಾರದು.

ವೇದಾವತಿ ಗಂಡನ ಕಡೆ ನೋಡಿದರು. "ಇಷ್ಟು ಬಿಗಿ ಎಂತಕ್ಕೆ ಕಟ್ಟಿದ್ದು? ಹೇಳಿದ್ರೆ ಕೇಳದೇ ಇಲ್ಲೆ."

"ಇಬ್ಬನಿ ಬೀಳ್ತು ಹೇಳಿ ಕಟ್ಟಿದ್ದು," ಎಂದರು ಗಿರಿಧರ ಸಣ್ಣ ದನಿಯಲ್ಲಿ.

ಸುಷ್ಮಾ ತಂತಿ ಸಿಕ್ಕಿಸಿ ಸ್ಕ್ರೂ ತಿರುವಿದಳು. ಎದ್ದು ನಿಲ್ಲುವಷ್ಟರಲ್ಲಿ ಮೊಬೈಲಿನಲ್ಲಿ ನಾಲ್ಕು ಅಂಕಿಗಳಿದ್ದವು. ಜನ ಮುಂದೆ ಸರಿದರು. ಮುಚ್ಚಳ ತೆಗೆಯದೆ, ಪೆಟ್ಟಿಗೆ ಮುಟ್ಟದೆ, ಕೆಟ್ಟದ್ದು ಯಾವುದೆಂದು ಒಂದು ತಂತಿ ನೋಡಿ ಹೇಳಿದ್ದು ಅವರಿಗೆ ತೂಕಕ್ಕಿಂತ ಹೆಚ್ಚು ಹಿಡಿಸಿತು. ಒಬ್ಬರು ಕೈಕುಲುಕಲು ಬಂದರು.

ಕುಮಾರ ಮಾತ್ರ ನಗಲಿಲ್ಲ. "ಒಂದು ಮಾತು ಅಕ್ಕ. ಒಂದು ತಂತಿ ಕಳಚಿದ್ದಕ್ಕೆ ನಾಲ್ಕೂ ಪೆಟ್ಟಿಗೆ ಮೂಕ ಆದ್ವು. ಗುಡ್ಡದ ಮೇಲೆ ಹೀಗಾದ್ರೆ ನಿಮ್ಮನ್ನ ಮೀಟರ್ ಸಮೇತ ಹೊತ್ಕಂಡು ಹೋಗ್ಬೇಕಾ?"

ಪ್ರಶ್ನೆ ನ್ಯಾಯವಾದದ್ದು. ಅದನ್ನು ಅವಳು ಒಪ್ಪಿಕೊಂಡಳು ಎಂಬುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ.

"ಅದು ನನ್ ತಪ್ಪು," ಎಂದಳು. "ಎಲ್ಲರಿಗೂ ಕಾಯ್ಬೇಕು ಅಂತ ಬರೆದೆ. ಎಷ್ಟು ಹೊತ್ತು ಕಾಯ್ಬೇಕು ಅಂತ ಬರೀಲಿಲ್ಲ. ಊಟ ಮುಗಿಯೋದ್ರೊಳಗೆ ಸರಿ ಮಾಡ್ತೀನಿ."

"ಊಟ ಮಾಡಿ ಕೂತ್ಕ," ಎಂದರು ವೇದಾವತಿ.

"ಆಮೇಲೆ ವೇದಕ್ಕ."

ಎಲ್ಲರೂ ಎಲೆಗಳ ಮುಂದೆ ಕೂತಾಗ ಅವಳು ಜಗುಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದಳು. ಬರೆಯಬೇಕಾದದ್ದು ಕಷ್ಟದ್ದಲ್ಲ. ಒಂದು ಸೆಕೆಂಡು ಕಾಯಿ. ಅಷ್ಟರಲ್ಲಿ ಒಟ್ಟು ಸೊನ್ನೆಗೆ ಬಾರದಿದ್ದರೆ, ಉಳಿದಿರುವ ಪಾಲು ಯಾವ ಯಾವ ಪೆಟ್ಟಿಗೆಗಳದು ಎಂದು ಬಿಡಿಸು. ಅವನ್ನು ಬಿಟ್ಟು ಉಳಿದವುಗಳ ತೂಕ ತೆಗೆದುಕೋ. ಬಾರದವರ ನಂಬರು ಹೇಳು. ಒಳಗಿನಿಂದ ಪಾಯಸದ ಪರಿಮಳ ಬರುತ್ತಿತ್ತು. ದಿನೇಶ್ ಎಲೆಯ ಮುಂದೆ ಕೂತವನು ಎರಡು ತುತ್ತು ತಿಂದು, ಮನಸ್ಸು ತಡೆಯದೆ ಎದ್ದು ಬಂದು ಅವಳ ಹಿಂದೆ ನಿಂತ.

"ಆಯ್ತಾ?"

"ನೀವು ನಿಂತ್ರೆ ಆಗಲ್ಲ."

ಮೊದಲ ಸಲ ಪ್ರೋಗ್ರಾಂ ಹೋಗಲಿಲ್ಲ; ಅರ್ಧವಿರಾಮದ ಚಿಹ್ನೆಯೊಂದು ಬಿಟ್ಟುಹೋಗಿತ್ತು. ಎರಡನೆಯ ಸಲ ಹೋಯಿತು. ಮಜ್ಜಿಗೆ ಬಡಿಸುವಾಗ ಅವಳು ಹಿತ್ತಲಿಗೆ ಇಳಿದಳು. ಊಟ ಮುಗಿಸಿ ಕೈ ತೊಳೆದವರು ಹಿಂದೆಯೇ ಬಂದರು.

"ಕುಮಾರಣ್ಣ, ನಿಮ್ಗೆ ಬೇಕಾದ ಪೆಟ್ಟಿಗೆಯ ಕಪ್ಪು ತಂತಿ ಕೀಳಿ. ಯಾವ್ದು ಅಂತ ನಂಗೆ ತೋರಿಸ್ಬೇಡಿ."

ಮಧ್ಯಾಹ್ನದ ಹೊತ್ತು, ಹುಳುಗಳು ಭರದಿಂದ ಓಡಾಡುತ್ತಿದ್ದವು. ಕುಮಾರ ಅವುಗಳ ನಡುವೆ ಬೆನ್ನು ಮರೆ ಮಾಡಿ ಬಗ್ಗಿದ. ಸುಷ್ಮಾ ಮೊಬೈಲನ್ನು ಗಿರಿಧರರ ಕೈಗೆ ಕೊಟ್ಟು ರಸ್ತೆಯ ಕಡೆ ಮುಖ ಮಾಡಿ ನಿಂತಳು. ಗಿರಿಧರ ಓದಿದರು: "ಒಂದು ಇಲ್ಲ. ಎರಡು, ಒಂಬತ್ತು ಕಿಲೋ ನೂರು. ಮೂರು, ಎಂಟು ಕಿಲೋ ಏಳುನೂರು. ನಾಲ್ಕು, ಒಂಬತ್ತು ನಾನೂರು."

"ಒಂದೇ ಕಿತ್ತಿದ್ದು," ಎಂದ ಕುಮಾರ. ತಂತಿ ಸಿಕ್ಕಿಸಿದ. ಇನ್ನೊಮ್ಮೆ ಬಗ್ಗಿದ. ಒಂದು ಹುಳು ಅವನ ಕಿವಿಗೆ ಕಚ್ಚಿತು. ಅವನು ಕೈ ಎತ್ತಲಿಲ್ಲ, ಕೆಲಸ ನಿಲ್ಲಿಸಲೂ ಇಲ್ಲ.

"ಎರಡು ಇಲ್ಲ, ನಾಲ್ಕು ಇಲ್ಲ," ಎಂದು ಓದಿದ ಗಿರಿಧರರ ದನಿ ಏರಿತ್ತು. "ಒಂದೂ ಮೂರೂ ಇದೆ. ಕುಮಾರ, ಎರಡು ಕಿತ್ಯಾ?"

"ಹೌದು."

ಆಮೇಲೆ ಯಾರೂ ಅವನ ಅಪ್ಪಣೆಗೆ ಕಾಯಲಿಲ್ಲ. ಒಬ್ಬರು ಮೂರು ತಂತಿ ಕಿತ್ತರು. ಉಳಿದ ಒಂದರ ತೂಕ ಬಂತು. ಇನ್ನೊಬ್ಬರು ಕಿತ್ತಂತೆ ನಟಿಸಿ ಏನನ್ನೂ ಕೀಳಲಿಲ್ಲ. ನಾಲ್ಕೂ ಬಂದವು, ಅವರ ಗುಟ್ಟು ಬಯಲಾಯಿತು. ಅರವತ್ತು ದಾಟಿದವರು ಮೊಬೈಲಿಗಾಗಿ ಕಿತ್ತಾಡಿದರು. ವೇದಾವತಿ ಜಗುಲಿಯಿಂದಲೇ, "ಹುಳ ಎದ್ದು ಹೋದ್ರೆ ನಿಂಗ್ಳನ್ನೇ ಪೆಟ್ಟಿಗೆಗೆ ಹಾಕದು," ಎಂದಾಗ ಎಲ್ಲರೂ ಹಿಂದೆ ಸರಿದರು.

ಕುಮಾರ ಕಿವಿಯ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದ. ಕಂಪನಿಯ ಯಂತ್ರದ ದೀಪ ಆರಿಸಿ ಅದನ್ನು ಚೀಲಕ್ಕೆ ಹಾಕಿದ. ಸಂಘದವರು ತನ್ನ ಮುಖವನ್ನೇ ನೋಡುತ್ತಿರುವುದು ಅವನಿಗೆ ಗೊತ್ತಿತ್ತು.

"ಹನ್ನೆರಡೂ ಇವರೇ ಮಾಡ್ಲಿ," ಎಂದ. "ಮೊದಲ್ನೇದು ನಂದು. ನಮ್ಮದು ಗುಡ್ಡದ ತಲೆ ಮೇಲಿದೆ, ಅಲ್ಲಿ ನಡೆದ್ರೆ ಎಲ್ಲಾ ಕಡೆ ನಡೀತದೆ. ಯಾವಾಗ ಬರ್ತೀರಿ ಅಕ್ಕ?"

ಸುಷ್ಮಾ ಆಗ ತಾನೇ ಎಲೆಯ ಮುಂದೆ ಕೂತಿದ್ದಳು. ವೇದಾವತಿ ಅನ್ನ ಬಡಿಸುತ್ತಿದ್ದರು.

"ಗುರುವಾರ," ಎಂದಳು. "ಪೆಟ್ಟಿಗೆ ಅಡಿಯ ಹಲಗೆ ಗಟ್ಟಿ ಇದೆಯಾ ನೋಡಿಡಿ. ಲಡ್ಡಾಗಿ ಪುಡಿ ಉದುರ್ತಿದ್ರೆ ಬದಲಾಯ್ಸಿ. ಅದು ಮಾತ್ರ ನಂಗೆ ರಿಪೇರಿ ಮಾಡ್ಲಿಕ್ಕೆ ಬರಲ್ಲ."